ಸಂಧಿವಾತವೂ ಸಂತಾನಾಪೇಕ್ಷೆಯೂ: ವೈದ್ಯಚರಿತ್ರೆಯಲ್ಲಿ ತಡವಾಗಿ ಬಂದ ಒಂದು ಪ್ರಶ್ನೆ

1

ರಾಜ್ಯಗಳಿಗೆ ಚರಿತ್ರೆಯಿರುವಂತೆಯೇ ರೋಗಗಳಿಗೂ ಚರಿತ್ರೆಯುಂಟು. ಆದರೆ ರೋಗದ ಚರಿತ್ರೆಯೆಂದರೆ ಔಷಧಗಳನ್ನು ಕಂಡುಹಿಡಿದವರ ಹೆಸರುಗಳನ್ನೂ ವರ್ಷಗಳನ್ನೂ ಕ್ರಮವಾಗಿ ಬರೆದಿಡುವುದಷ್ಟೇ ಅಲ್ಲ. ಒಂದು ರೋಗದ ವಿಷಯದಲ್ಲಿ ಯಾವ ಕಾಲದವರು ಯಾವ ಪ್ರಶ್ನೆಯನ್ನು ಕೇಳಿದರು, ಯಾವುದನ್ನು ಕೇಳದೆ ಬಿಟ್ಟರು ಎಂಬುದೂ ಚರಿತ್ರಕಾರನು ವಿಚಾರಿಸಬೇಕಾದ ಸಂಗತಿಯೇ ಆಗಿದೆ. ಪ್ರಸ್ತುತ ಲೇಖನದಲ್ಲಿ ರುಮಟಾಯ್ಡ್ ಸಂಧಿವಾತವೆಂಬ ವ್ಯಾಧಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಈ ವ್ಯಾಧಿಯಲ್ಲಿ ದೇಹದ ರಕ್ಷಣಾವ್ಯವಸ್ಥೆಯು ಪರಕೀಯವಾದ ರೋಗಾಣುಗಳ ಮೇಲೆ ತಿರುಗಬೇಕಾದುದು ತನ್ನ ಕೀಲುಗಳ ಒಳಪೊರೆಯ ಮೇಲೆಯೇ ತಿರುಗುತ್ತದೆ. ಬೆರಳು, ಮಣಿಕಟ್ಟು, ಮೊಣಕಾಲುಗಳು ಊದಿಕೊಂಡು ನೋಯುತ್ತವೆ. ಬೆಳಗಿನ ಹೊತ್ತಿನಲ್ಲಿ ಮರಗಟ್ಟಿದಂತಾಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಕಾಲಕ್ರಮದಲ್ಲಿ ಸೊಟ್ಟಗಾಗಿ ಕೆಲಸಕ್ಕೆ ಬಾರದಂತಾಗುತ್ತವೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುವುದು. ಅವರಲ್ಲಿ ಅನೇಕರಿಗೆ ಮಕ್ಕಳಾಗುವ ವಯಸ್ಸಿನಲ್ಲಿಯೇ ಪ್ರಾರಂಭವಾಗುವುದು. ಹೀಗಿರಲು ಈ ರೋಗಕ್ಕೂ ಸ್ತ್ರೀಯ ಗರ್ಭಕ್ಕೂ ಇರುವ ಸಂಬಂಧವನ್ನು ಎರಡು ರೀತಿಯಲ್ಲಿ ಕೇಳಬಹುದು. ಗರ್ಭವು ಕೀಲುಗಳಿಗೆ ಏನು ಮಾಡುತ್ತದೆ ಎಂಬುದು ಒಂದು. ಕೀಲುಗಳ ರೋಗವು ಗರ್ಭಧಾರಣೆಗೆ ಏನು ಮಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟಿತು. ಎರಡನೆಯದು, ರೋಗಿಯ ಮನಸ್ಸಿನಲ್ಲಿ ಸದಾ ಇದ್ದಿರಬಹುದಾದುದು, ವ್ಯವಸ್ಥಿತವಾದ ಸಂಶೋಧನೆಗೆ ವಿಷಯವಾದುದು ಬಹುಮಟ್ಟಿಗೆ ಇಪ್ಪತ್ತೊಂದನೆಯ ಶತಮಾನದಲ್ಲಿ. ಈ ವಿಳಂಬಕ್ಕೆ ಕಾರಣವೇನೆಂಬುದೇ ಇಲ್ಲಿನ ವಿಚಾರ.

2

ಪ್ರಾಚೀನ ಗ್ರೀಕರ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ವೈದ್ಯಸೂತ್ರಗಳಲ್ಲಿ, ಮುಟ್ಟು ನಿಲ್ಲುವವರೆಗೂ ಸ್ತ್ರೀಗೆ ಪಾದವಾತವು ಬರುವುದಿಲ್ಲವೆಂಬ ಅಭಿಪ್ರಾಯ ದೊರೆಯುತ್ತದೆ. ಪಾದವಾತವೂ ನಾವು ಇಲ್ಲಿ ಹೇಳುತ್ತಿರುವ ಸಂಧಿವಾತವೂ ಒಂದೇ ಅಲ್ಲ. ಆದರೂ ಸ್ತ್ರೀಯ ಋತುಧರ್ಮಕ್ಕೂ ಕೀಲುಗಳ ರೋಗಕ್ಕೂ ನಂಟುಂಟೆಂಬ ಭಾವನೆ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ರುಮಟಾಯ್ಡ್ ಸಂಧಿವಾತದ ಮೊದಲ ಸ್ಪಷ್ಟವಾದ ವರ್ಣನೆಯೆಂದು ಸಾಮಾನ್ಯವಾಗಿ ಗಣಿಸಲ್ಪಟ್ಟಿರುವುದು 1800ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಒಂದು ಪ್ರೌಢಪ್ರಬಂಧ. ಅದರ ಕರ್ತೃ ಔಗುಸ್ತಿನ್ ಜಾಕೊಬ್ ಲಾಂದ್ರೆ-ಬೋವೆ, ಆಗ ಇಪ್ಪತ್ತೆಂಟು ವರ್ಷದ ತರುಣ ವೈದ್ಯ. ಆತನು ಕೆಲಸ ಮಾಡುತ್ತಿದ್ದ ಸಾಲ್ಪೆತ್ರಿಯೇರ್ ಎಂಬುದು ಬಡ ಹೆಂಗಸರು, ವೃದ್ಧೆಯರು, ದಿಕ್ಕಿಲ್ಲದವರು ಸಾವಿರಗಟ್ಟಲೆ ವಾಸವಾಗಿದ್ದ ವಿಶಾಲವಾದ ಆಶ್ರಯಾಲಯ. ಪಾದವಾತವು ಮಾಂಸಮದ್ಯಗಳಲ್ಲಿ ಬೆಳೆದ ಶ್ರೀಮಂತ ಗಂಡಸರ ರೋಗವೆಂಬುದು ಆ ಕಾಲದ ನಂಬಿಕೆ. ಆದರೆ ಈ ವೈದ್ಯನು ಕಂಡ ಒಂಬತ್ತು ರೋಗಿಗಳು ಸ್ತ್ರೀಯರು, ಬಡವರು, ಕೃಶರು. ಇದು ಪಾದವಾತದ ಒಂದು ಹೊಸ ಪ್ರಭೇದವಾಗಿರಬೇಕೆಂದು ಆತನು ಊಹಿಸಿ, ದೌರ್ಬಲ್ಯದಿಂದ ಹುಟ್ಟಿದ ಪಾದವಾತವೆಂಬ ಅರ್ಥದ ಹೆಸರನ್ನು ಅದಕ್ಕೆ ಕೊಟ್ಟನು. ಹೆಸರು ತಪ್ಪಾಗಿತ್ತು, ನೋಟ ಸರಿಯಾಗಿತ್ತು. ಐದು ವರ್ಷಗಳ ಬಳಿಕ, 1805ರಲ್ಲಿ, ಇಂಗ್ಲೆಂಡಿನ ಜಾನ್ ಹೇಗಾರ್ತ್ ಕೀಲುಗಂಟುಗಳನ್ನು ಕುರಿತು ಬರೆದ ಗ್ರಂಥದಲ್ಲಿ, ತಾನು ಕಂಡ 34 ರೋಗಿಗಳಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಸ್ತ್ರೀಯರೆಂದೂ, ಮುಟ್ಟು ನಿಲ್ಲುವ ಸುಮಾರಿನಲ್ಲಿ ರೋಗವು ತಲೆದೋರುವುದೆಂದೂ ಹೇಳಿದನು. ಆತನ ರೋಗಿಗಳಲ್ಲಿ ಕೆಲವರಿಗಾದರೂ ಇದ್ದುದು ನಾವು ಈಗ ಬೇರೆಯಾಗಿ ಗುರುತಿಸುವ ಕೀಲುಸವೆತವಾಗಿದ್ದಿರಬೇಕು. 1853ರಲ್ಲಿ ಸಾಲ್ಪೆತ್ರಿಯೇರಿನ ವೃದ್ಧೆಯರನ್ನೇ ಪರೀಕ್ಷಿಸಿ ಶಾರ್ಕೊ ಎಂಬ ಪ್ರಸಿದ್ಧ ವೈದ್ಯನು ತನ್ನ ಪ್ರೌಢಪ್ರಬಂಧವನ್ನು ರಚಿಸಿದನು. ರೋಗಕ್ಕೆ ಈಗಿರುವ ಹೆಸರನ್ನಿಟ್ಟವನು ಲಂಡನ್ನಿನ ಆಲ್‌ಫ್ರೆಡ್ ಬೇರಿಂಗ್ ಗ್ಯಾರಡ್. ಪಾದವಾತದ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಾಗಿರುವುದನ್ನು ಅವನು ತೋರಿಸಿಕೊಟ್ಟಿದ್ದನು. ಆ ಲಕ್ಷಣವಿಲ್ಲದ ಈ ರೋಗವನ್ನು ಪಾದವಾತದಿಂದ ಬೇರ್ಪಡಿಸಿ 1859ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆದನು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆಶ್ರಯಾಲಯಗಳಲ್ಲಿ ವೈದ್ಯರ ಕಣ್ಣಿಗೆ ಬಿದ್ದವರು ಬಹುಮಟ್ಟಿಗೆ ಮುದುಕಿಯರು. ಕೀಲುಗಳು ಸೊಟ್ಟಗಾಗಿ, ಸಂಸಾರದಿಂದ ದೂರವಾಗಿ, ಕೊನೆಯ ದಿನಗಳಿಗೆ ಬಂದು ಸೇರಿದವರು. ರೋಗವು ಅವರ ಯೌವನದಲ್ಲಿ ಏನು ಮಾಡಿತ್ತೆಂಬುದು ವೈದ್ಯನ ಎದುರಿಗೆ ಇರಲಿಲ್ಲ. ಆದುದರಿಂದ ರೋಗದ ಮೊದಲ ಚಿತ್ರವೇ ಸಂತಾನದ ಪ್ರಶ್ನೆಯನ್ನು ಹೊರಗಿಟ್ಟ ಚಿತ್ರವಾಯಿತು.

3

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೈದ್ಯರು ಅಂಡಾಶಯದ ಮಾತನ್ನೇ ಆಡಲಿಲ್ಲವೆಂದಲ್ಲ, ಬಹಳವಾಗಿಯೇ ಆಡಿದರು. ಆದರೆ ಅಂಡಾಶಯವು ಅಲ್ಲಿ ರೋಗಕ್ಕೆ ಗುರಿಯಾದ ಅಂಗವಾಗಿರಲಿಲ್ಲ. ರೋಗವನ್ನು ಉಂಟುಮಾಡುವ ಅಪರಾಧಿಯಾಗಿತ್ತು. ಲಂಡನ್ನಿನ ವಿಲಿಯಂ ಆರ್ಡ್ 1880ರಲ್ಲಿ ಮಂಡಿಸಿದ ವಾದದಂತೆ, ಗರ್ಭಾಶಯ ಅಂಡಾಶಯಗಳಲ್ಲಿ ಹುಟ್ಟಿದ ಕೆರಳಿಕೆಯು ನರಗಳ ಮೂಲಕ ಸಾಗಿ ಕೀಲುಗಳನ್ನು ಕೆಡಿಸಬಲ್ಲದು. ಹೆಂಗಸರಿಗೆ ಬರುವ ರೋಗಗಳಿಗೆಲ್ಲ ಹೆಣ್ತನದ ಅಂಗಗಳೇ ಮೂಲವೆಂಬ ಆ ಯುಗದ ಸಾಮಾನ್ಯ ನಂಬಿಕೆಗೆ ಇದು ಅನುಗುಣವಾಗಿತ್ತು. 1872ರಲ್ಲಿ ಅಮೆರಿಕದ ಜಾರ್ಜಿಯದಲ್ಲಿ ಬ್ಯಾಟಿ, ಜರ್ಮನಿಯ ಫ್ರೈಬುರ್ಗಿನಲ್ಲಿ ಹೇಗಾರ್, ಇಂಗ್ಲೆಂಡಿನಲ್ಲಿ ಲಾಸನ್ ಟೇಟ್ ಇವರು ಬೇರೆ ಬೇರೆಯಾಗಿಯೇ ಅಂಡಾಶಯಗಳನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಅನಂತರದ ವರ್ಷಗಳಲ್ಲಿ ನರಗಳ ಬೇನೆ, ಮೂರ್ಛೆ, ಮಾಸಿಕ ನೋವು ಮುಂತಾದ ಕಾರಣಗಳಿಗಾಗಿ ಆರೋಗ್ಯವಾಗಿದ್ದ ಅಂಡಾಶಯಗಳೂ ಅನೇಕ ಸ್ತ್ರೀಯರ ದೇಹದಿಂದ ತೆಗೆಯಲ್ಪಟ್ಟವು. ಶತಮಾನದ ಕೊನೆಯ ವೇಳೆಗೆ ವೈದ್ಯರಲ್ಲಿಯೇ ವಿರೋಧವು ಬೆಳೆದು ಈ ಪದ್ಧತಿ ಹಿಂದೆ ಸರಿಯಿತು.

ಈ ಶಸ್ತ್ರಚಿಕಿತ್ಸೆಯು ಸಂಧಿವಾತಕ್ಕೆಂದು ರೂಪುಗೊಂಡುದಲ್ಲ. ಅದನ್ನು ಇಲ್ಲಿ ಪ್ರಸ್ತಾಪಿಸಿದ ಉದ್ದೇಶ ಬೇರೆ. ಅಂಡಾಶಯವನ್ನು ರೋಗದ ಮೂಲವೆಂದು ನಂಬಿದ ಯುಗಕ್ಕೆ, ರೋಗವೇ ಅಂಡಾಶಯವನ್ನು ಬಾಧಿಸಬಹುದೆಂಬ ಸಂದೇಹ ಹುಟ್ಟುವುದು ಸುಲಭವಾಗಿರಲಿಲ್ಲ ಎಂಬುದನ್ನು ತೋರಿಸುವುದೇ ಅದು.

4

ಇಪ್ಪತ್ತನೆಯ ಶತಮಾನದಲ್ಲಿ ದೃಶ್ಯವು ಅಮೆರಿಕದ ಮಿನ್ನೆಸೋಟ ಸಂಸ್ಥಾನಕ್ಕೆ ಬದಲಾಗುತ್ತದೆ. ಅಲ್ಲಿನ ರಾಚೆಸ್ಟರ್ ಪಟ್ಟಣದ ಮೇಯೊ ಕ್ಲಿನಿಕ್ಕಿನಲ್ಲಿ ವಾತರೋಗಗಳ ವಿಭಾಗದ ಮುಖ್ಯಸ್ಥನಾಗಿದ್ದ ಫಿಲಿಪ್ ಹೆಂಚ್ (1896-1965) ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳುತ್ತಿದ್ದ ವೈದ್ಯ. 1929ರ ಏಪ್ರಿಲ್ ತಿಂಗಳಲ್ಲಿ ಸಂಧಿವಾತದಿಂದ ಪೀಡಿತನಾಗಿದ್ದ ಒಬ್ಬ ವೃದ್ಧ ವೈದ್ಯನು, ಕಾಮಾಲೆ ಬಂದೊಡನೆ ತನ್ನ ಕೀಲುನೋವು ಇಳಿದುಹೋಯಿತೆಂದು ಅವನಿಗೆ ತಿಳಿಸಿದನು. ಅನಂತರ ಹೆಂಗಸರಿಂದಲೂ ಇಂಥದೇ ಮಾತು ಬಂದಿತು. ಬಸಿರಾದ ತಿಂಗಳುಗಳಲ್ಲಿ ನೋವೂ ಊತವೂ ತಗ್ಗುತ್ತವೆ, ಹೆರಿಗೆಯಾದ ಮೇಲೆ ಮರಳಿ ಬರುತ್ತವೆ ಎಂದು ಅವರು ಹೇಳಿದರು. ಇದನ್ನು ಹೆಂಚ್ 1938ರಲ್ಲಿ ಪ್ರಕಟಿಸಿದನು.

ಅಲ್ಲಿಯವರೆಗೆ ಈ ರೋಗವು ಒಮ್ಮೆ ಹಿಡಿದರೆ ಬಿಡದೆಂದೇ ಬಹುಮಂದಿ ವೈದ್ಯರು ಭಾವಿಸಿದ್ದರು. ಅದು ತಾನಾಗಿಯೇ ಹಿಂದೆಗೆಯಬಲ್ಲುದೆಂಬುದಕ್ಕೆ ಇಲ್ಲಿ ಪ್ರಮಾಣ ದೊರೆಯಿತು. ಹೆಂಚನ ತರ್ಕ ಹೀಗಿತ್ತು: ಕಾಮಾಲೆಯಲ್ಲಿಯೂ ಬಸಿರಿನಲ್ಲಿಯೂ ದೇಹದೊಳಗೆ ಒಂದೇ ಬಗೆಯ ದ್ರವ್ಯವು ಹೆಚ್ಚುತ್ತಿರಬೇಕು, ಗಂಡಸರಲ್ಲಿಯೂ ಉಪಶಮನವು ಕಾಣುವುದರಿಂದ ಅದು ಕೇವಲ ಸ್ತ್ರೀ ಹಾರ್ಮೋನ್ ಆಗಿರಲಾರದು, ಗರ್ಭಿಣಿಯರಲ್ಲಿಯೂ ಕಾಣುವುದರಿಂದ ಕೇವಲ ಪಿತ್ತವಸ್ತುವೂ ಆಗಿರಲಾರದು. ಆ ಅಜ್ಞಾತ ದ್ರವ್ಯಕ್ಕೆ ಅವನು ಎಕ್ಸ್ ಎಂದು ಹೆಸರಿಟ್ಟುಕೊಂಡನು. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ 'ಇ' ಎಂಬ ಸಂಯುಕ್ತವನ್ನು ಪರೀಕ್ಷಿಸಿ ನೋಡಬೇಕೆಂದು 1941ರಲ್ಲಿ ಇಬ್ಬರೂ ಮಾತನಾಡಿಕೊಂಡರು. ಮರ್ಕ್ ಸಂಸ್ಥೆಯ ಲೂಯಿಸ್ ಸ್ಯಾರೆಟ್ ಅದನ್ನು ಕೃತಕವಾಗಿ ತಯಾರಿಸುವ ಕ್ರಮವನ್ನು ರೂಪಿಸಿದ ಮೇಲೆ, 1948ರ ಸೆಪ್ಟೆಂಬರ್ 21ರಂದು ಇಪ್ಪತ್ತೊಂಬತ್ತು ವರ್ಷ ವಯಸ್ಸಿನ ಒಬ್ಬ ಸ್ತ್ರೀಗೆ ಅದನ್ನು ಚುಚ್ಚಲಾಯಿತು. ಹಾಸಿಗೆಯಲ್ಲಿ ಹೊರಳುವುದಕ್ಕೂ ಕಷ್ಟಪಡುತ್ತಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. ಈ ದ್ರವ್ಯವೇ ಕಾರ್ಟಿಸೋನ್. 1950ರ ವೈದ್ಯಕೀಯ ನೊಬೆಲ್ ಪಾರಿತೋಷಕವನ್ನು ಹೆಂಚ್, ಕೆಂಡಲ್ ಮತ್ತು ಸ್ವಿಟ್ಸರ್ಲೆಂಡಿನ ರೈಖ್‌ಸ್ಟೈನ್ ಹಂಚಿಕೊಂಡರು.

ಈ ವೃತ್ತಾಂತವು ವೈದ್ಯಚರಿತ್ರೆಯ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ಒಂದು ಅಂಶಕ್ಕೆ ಸಲ್ಲಬೇಕಾದ ಪ್ರಾಮುಖ್ಯವು ಸಂದಿಲ್ಲವೆಂದು ತೋರುತ್ತದೆ. ಕಾರ್ಟಿಸೋನಿಗೆ ದಾರಿ ತೋರಿದ ಮುಖ್ಯ ಸುಳಿವುಗಳಲ್ಲೊಂದು ರೋಗಿಷ್ಠರಾದ ಹೆಂಗಸರು ತಮ್ಮ ಬಸಿರಿನ ಅನುಭವವನ್ನು ಗಮನಿಸಿ ಆಡಿದ ಮಾತು. ಅವರ ಹೆಸರುಗಳು ಉಳಿದಿಲ್ಲ. ಹೆಂಚ್ ಆ ಮಾತನ್ನು ಕೇಳಿದನು, ನಂಬಿದನು. ಇದು ಅವನ ಹಿರಿಮೆ. ಆದರೆ ಅವನು ಅದರಿಂದ ಆರಿಸಿಕೊಂಡುದು ದ್ರವ್ಯದ ಪ್ರಶ್ನೆಯನ್ನು. ಬಸಿರಾದವರಷ್ಟೇ ಈ ಸಾಕ್ಷ್ಯವನ್ನು ನುಡಿಯಬಲ್ಲವರಾಗಿದ್ದರು. ಬಸಿರಾಗಬೇಕೆಂದು ಬಯಸಿ ಆಗಲಾರದೆ ಹೋದವರ ಅನುಭವವು ಅವನ ಲೆಕ್ಕದೊಳಕ್ಕೆ ಬರುವುದು ಸಾಧ್ಯವೇ ಇರಲಿಲ್ಲ.

5

ಕಾರ್ಟಿಸೋನ್ ರೋಗವನ್ನು ವಾಸಿಮಾಡುವುದಿಲ್ಲವೆಂಬುದೂ, ಅದರ ದೀರ್ಘ ಸೇವನೆಯಿಂದ ಮೂಳೆಗಳ ಸವೆತ ಮೊದಲಾದ ಅನಿಷ್ಟಗಳುಂಟಾಗುವುವೆಂಬುದೂ ಬೇಗನೆ ಗೊತ್ತಾಯಿತು. ಬಸಿರಿನಲ್ಲಿ ಕಾಣುವ ಉಪಶಮನವನ್ನು ಆ ಒಂದು ದ್ರವ್ಯದಿಂದಲೇ ವಿವರಿಸಲಾಗುವುದಿಲ್ಲವೆಂಬುದೂ ಕ್ರಮೇಣ ಸ್ಪಷ್ಟವಾಯಿತು. ಗರ್ಭಸ್ಥ ಶಿಶುವು ಅರ್ಧಭಾಗ ತಂದೆಯದು. ಎಂದರೆ ತಾಯಿಯ ರಕ್ಷಣಾವ್ಯವಸ್ಥೆಗೆ ಅರ್ಧ ಪರಕೀಯ. ಅದನ್ನು ಸಹಿಸಿಕೊಳ್ಳುವುದಕ್ಕಾಗಿ ತಾಯಿಯ ದೇಹದಲ್ಲಿ ಆಗುವ ಮಾರ್ಪಾಡುಗಳೇ ಕೀಲುಗಳ ಮೇಲಿನ ದಾಳಿಯನ್ನೂ ತಗ್ಗಿಸುತ್ತಿರಬಹುದೆಂಬ ಊಹೆ ಹುಟ್ಟಿತು. 1993ರಲ್ಲಿ ಅಮೆರಿಕದ ನೆಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಇದಕ್ಕೆ ಬೆಂಬಲವನ್ನಿತ್ತಿತು. ರೋಗವು ಇಳಿದ 34 ಬಸಿರುಗಳಲ್ಲಿ 26ರಲ್ಲಿ ತಾಯಿಗೂ ಶಿಶುವಿಗೂ ಕೆಲವು ರಕ್ಷಣಾಂಶಗಳಲ್ಲಿ ಭೇದವಿತ್ತು. ರೋಗವು ಇಳಿಯದ 12 ಬಸಿರುಗಳಲ್ಲಿ ಅಂಥ ಭೇದವಿದ್ದುದು 3ರಲ್ಲಿ ಮಾತ್ರ.

ಉಪಶಮನದ ಪ್ರಮಾಣವನ್ನು ಕುರಿತ ಹಳೆಯ ಲೆಕ್ಕಗಳೂ ತಿದ್ದುಪಡಿಗೊಂಡವು. ಹಿಂದಿನ ವರದಿಗಳು ಬಹುಮಟ್ಟಿಗೆ ರೋಗಿಗಳ ನೆನಪನ್ನು ಅವಲಂಬಿಸಿದ್ದವು. ಹಾಲೆಂಡಿನ ರಾಟರ್‌ಡ್ಯಾಮ್ ನಗರದ ವೈದ್ಯರು ಗರ್ಭಿಣಿಯರನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತ ಬಂದು 2008ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಆರಂಭದಲ್ಲಿ ರೋಗವು ಸಾಕಷ್ಟು ತೀವ್ರವಾಗಿದ್ದವರಲ್ಲಿ ಗಣನೀಯವಾದ ಸುಧಾರಣೆ ಕಂಡುದು ಸುಮಾರು ಅರ್ಧದಷ್ಟು ಮಂದಿಯಲ್ಲಿ. ನೆನಪಿನ ಸಾಕ್ಷ್ಯಕ್ಕೂ ಸಮಕಾಲೀನ ದಾಖಲೆಗೂ ಇರುವ ಅಂತರವು ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ವೈದ್ಯಶಾಸ್ತ್ರವೂ ಅದೇ ಪಾಠವನ್ನು ಕಲಿಯಬೇಕಾಯಿತು.

6

ಈ ನಡುವೆ ಎರಡನೆಯ ಪ್ರಶ್ನೆಯನ್ನು ಅನಿವಾರ್ಯವಾಗಿಸಿದ ಸಂಗತಿಯೊಂದು ನಡೆಯಿತು. ಅದು ಒಂದು ಔಷಧದ ಪ್ರವೇಶ. ಅದರ ಮೂಲದಲ್ಲಿ ಭಾರತೀಯನೊಬ್ಬನ ಹೆಸರಿರುವುದು ನಮ್ಮ ಓದುಗರಿಗೆ ಆಸಕ್ತಿಯ ವಿಷಯ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಸಂಶೋಧನಾಲಯದಲ್ಲಿ ನಿರ್ದೇಶಕನಾಗಿದ್ದಾಗ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ದ್ರವ್ಯಗಳು ಅಲ್ಲಿ ತಯಾರಾದವು. ಅವುಗಳಲ್ಲಿ ಅಮಿನಾಪ್ಟರಿನ್ ಒಂದು. ಅದರ ಸಮೀಪಬಂಧು ಮೆಥೊಟ್ರೆಕ್ಸೇಟ್. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟರಿನ್‌ನಿಂದ ಮಕ್ಕಳ ರಕ್ತಕ್ಯಾನ್ಸರಿನಲ್ಲಿ ತಾತ್ಕಾಲಿಕ ಉಪಶಮನವನ್ನು ಸಾಧಿಸಿದ ವರದಿ 1948ರಲ್ಲಿ ಪ್ರಕಟವಾಯಿತು. ಸುಬ್ಬರಾವ್ ಅದೇ ವರ್ಷ ತೀರಿಕೊಂಡನು. 1951ರಲ್ಲಿ ಗುಬ್ನರ್ ಮತ್ತು ಸಂಗಡಿಗರು ಅಮಿನಾಪ್ಟರಿನ್ ಸಂಧಿವಾತಕ್ಕೂ ಉಪಕರಿಸುವುದೆಂದು ತೋರಿಸಿದರು. ಮರುವರ್ಷವೇ, 1952ರಲ್ಲಿ, ಅದೇ ದ್ರವ್ಯವು ಗರ್ಭಪಾತವನ್ನುಂಟುಮಾಡುವುದೆಂದೂ ಉಳಿದ ಶಿಶುವಿನಲ್ಲಿ ಅಂಗವೈಕಲ್ಯವನ್ನು ತರಬಹುದೆಂದೂ ಟೀರ್ಶ್ ಎಂಬಾತನ ವರದಿಯಿಂದ ತಿಳಿಯಿತು. ಹೀಗೆ ಕೀಲುಗಳಿಗಾಗುವ ಉಪಕಾರವೂ ಗರ್ಭಕ್ಕಾಗುವ ಅಪಾಯವೂ ಬಹುತೇಕ ಒಟ್ಟಿಗೇ ಬೆಳಕಿಗೆ ಬಂದವು.

ಮೆಥೊಟ್ರೆಕ್ಸೇಟಿಗೆ ಸಂಧಿವಾತದ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಅನುಮತಿ ದೊರೆತುದು 1988ರಲ್ಲಿ. ಅಲ್ಲಿಂದ ಮುಂದೆ ಅದು ಈ ರೋಗದ ಪ್ರಧಾನ ಔಷಧವಾಯಿತು, ಭಾರತದಲ್ಲಿಯೂ ಹಾಗೆಯೇ. ಅಸಂಖ್ಯಾತ ಕೈಕಾಲುಗಳು ಅದರಿಂದ ಉಳಿದಿವೆ. ಆದರೆ ಗರ್ಭಧಾರಣೆಗೆ ಸಾಕಷ್ಟು ಮುಂಚೆಯೇ ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ರೋಗವು ಮರುಕಳಿಸುವ ಭಯ. ನಿಲ್ಲಿಸದಿದ್ದರೆ ಮಗುವಿನ ಆಸೆಯನ್ನು ಮುಂದೂಡಬೇಕು. ಮದುವೆಯಾಗಿ ವರ್ಷ ತುಂಬುವುದರೊಳಗೆ ಬಂಧುಬಳಗದವರು ವಿಶೇಷವೇನಾದರೂ ಉಂಟೆ ಎಂದು ವಿಚಾರಿಸುವ ನಮ್ಮಂಥ ಸಮಾಜದಲ್ಲಿ, ಬೆರಳು ಮಡಿಸಲಾರದ ಸೊಸೆಯೊಬ್ಬಳು ಎದುರಿಸುವ ಇಕ್ಕಟ್ಟು ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ.

7

ಗರ್ಭಧಾರಣೆಗೆ ತಗಲುವ ಕಾಲವನ್ನೇ ಅಳೆಯುವ ಅಧ್ಯಯನಗಳು ಹೊಸ ಶತಮಾನದಲ್ಲಿ ಬಂದವು. ಡೆನ್ಮಾರ್ಕಿನ ರಾಷ್ಟ್ರೀಯ ಪ್ರಸವ ದಾಖಲೆಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸಿರಾಗಲು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಹಿಡಿದವರು ಸಂಧಿವಾತವಿದ್ದ ತಾಯಂದಿರಲ್ಲಿ ಶೇಕಡ 25, ಇಲ್ಲದವರಲ್ಲಿ ಸುಮಾರು 16. ಡೆನ್ಮಾರ್ಕಿನ ಈ ಲೆಕ್ಕದಲ್ಲಿಯೂ ಬಸಿರಾದವರೇ ಇದ್ದುದು. ಬಸಿರಾಗದವರನ್ನೂ ಸೇರಿಸಿಕೊಂಡು ವಿಚಾರಿಸಿದುದು ಮೇಲೆ ಹೇಳಿದ ರಾಟರ್‌ಡ್ಯಾಮಿನ ತಂಡ. ಅವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದ 245 ಸ್ತ್ರೀಯರಲ್ಲಿ ಶೇಕಡ 42 ಮಂದಿ ಒಂದು ವರ್ಷದೊಳಗೆ ಗರ್ಭ ಧರಿಸಲಿಲ್ಲ. ವಯಸ್ಸು, ಹಿಂದೆ ಮಕ್ಕಳಾಗದಿರುವುದು ಇವುಗಳ ಜೊತೆಗೆ ವಿಳಂಬಕ್ಕೆ ಸಂಬಂಧಿಸಿದ ಇತರ ಅಂಶಗಳು ಮೂರು: ರೋಗದ ತೀವ್ರತೆ, ಕಾರ್ಟಿಸೋನಿನ ವಂಶಕ್ಕೆ ಸೇರಿದ ಪ್ರೆಡ್ನಿಸೋನನ್ನು ದಿನಕ್ಕೆ 7.5 ಮಿಲಿಗ್ರಾಮಿಗಿಂತ ಹೆಚ್ಚಾಗಿ ಸೇವಿಸುವುದು, ಮತ್ತು ಸಾಮಾನ್ಯವಾದ ನೋವುನಿವಾರಕಗಳ ಬಳಕೆ. ಹಿಂದೆ ಮೆಥೊಟ್ರೆಕ್ಸೇಟ್ ಸೇವಿಸಿದ್ದುದಕ್ಕೂ ಈ ವಿಳಂಬಕ್ಕೂ ಸಂಬಂಧ ಕಾಣಲಿಲ್ಲ.

ನೋವುನಿವಾರಕಗಳ ವಿಷಯವನ್ನು ಸ್ವಲ್ಪ ವಿವರಿಸಬೇಕು. ಆಸ್ಪಿರಿನ್ ಮೊದಲಾದವು ಪ್ರಾಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ತಡೆದು ನೋವನ್ನು ಇಳಿಸುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿದನು. ಅಂಡಾಶಯದಲ್ಲಿ ಬಲಿತ ಅಂಡವು ತನ್ನ ಕೋಶವನ್ನು ಒಡೆದು ಹೊರಬರುವುದಕ್ಕೂ ಈ ದ್ರವ್ಯಗಳು ಬೇಕು. ಆದುದರಿಂದ ಮಾಸಚಕ್ರದ ನಡುವೆ ಇಂಥ ಗುಳಿಗೆಗಳನ್ನು ಎಡೆಬಿಡದೆ ನುಂಗಿದರೆ, ಮುಟ್ಟು ಕ್ರಮವಾಗಿ ಬರುತ್ತಿದ್ದರೂ ಅಂಡವು ಹೊರಬಾರದೆ ಉಳಿಯಬಹುದು.

ಅಂಡಾಶಯದ ಸ್ವಂತ ಸ್ಥಿತಿಯನ್ನು ಕುರಿತ ವಿಚಾರ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಉಳಿದಿರುವ ಅಂಡಗಳ ಸಂಗ್ರಹವನ್ನು ಆ್ಯಂಟಿ-ಮುಲ್ಲೇರಿಯನ್ ಎಂಬ ಹಾರ್ಮೋನಿನ ಪ್ರಮಾಣದಿಂದ ಅಂದಾಜು ಮಾಡಬಹುದು. ಅದೇ ತಂಡವು 2013ರಲ್ಲಿ ಪ್ರಕಟಿಸಿದಂತೆ, ರೋಗವು ಹೊಸದಾಗಿ ಬಂದಿರುವ ಸ್ತ್ರೀಯರಲ್ಲಿ ಈ ಪ್ರಮಾಣವು ಆರೋಗ್ಯವಂತರಿಗಿಂತ ಕಡಿಮೆಯಿರಲಿಲ್ಲ; ಆರು ತಿಂಗಳ ಮೆಥೊಟ್ರೆಕ್ಸೇಟ್ ಸೇವನೆಯೂ ಅದನ್ನು ತಗ್ಗಿಸಲಿಲ್ಲ. ಆದರೆ ಅನೇಕ ವರ್ಷಗಳ ಬಳಿಕ ಪುನಃ ನೋಡಿದಾಗ ವಯಸ್ಸಿಗೆ ಸಹಜವಾದುದಕ್ಕಿಂತ ಹೆಚ್ಚಾಗಿ ಅದು ಇಳಿದಿದ್ದಿತು. ರೋಗವು ಬಂದ ದಿನವೇ ಅಂಡಾಶಯವು ಬತ್ತಿಹೋಗುವುದೆಂಬ ಭಯಕ್ಕೆ ಇದರಲ್ಲಿ ಆಧಾರವಿಲ್ಲ. ಕಾಲವನ್ನು ಸುಮ್ಮನೆ ಕಳೆಯಬಾರದೆಂಬ ಎಚ್ಚರಿಕೆಗೆ ಆಧಾರವುಂಟು. ಈ ಹಾರ್ಮೋನ್ ಸಂಗ್ರಹವನ್ನು ಸೂಚಿಸುವುದೇ ಹೊರತು, ಇಂಥ ಸ್ತ್ರೀಗೆ ಮಗುವಾಗುವುದು ಅಥವಾ ಆಗದು ಎಂದು ತೀರ್ಪು ಕೊಡುವುದಿಲ್ಲವೆಂಬುದನ್ನೂ ಮರೆಯಬಾರದು.

ದೇಹದ ಅಶಕ್ತಿಯೊಂದೇ ಕಾರಣವಲ್ಲವೆಂಬುದೂ ಹೊರಬಂದಿದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸಂಧಿವಾತವಿದ್ದ ಸ್ತ್ರೀಯರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ತಾವು ಬಯಸಿದುದಕ್ಕಿಂತ ಕಡಿಮೆ ಮಕ್ಕಳನ್ನು ಪಡೆದಿದ್ದರು. ಬಂಜೆತನದ ಜೊತೆಗೆ, ಮಗುವನ್ನು ಎತ್ತಿ ಆಡಿಸಲಾದೀತೇ, ಔಷಧದಿಂದ ಅದಕ್ಕೆ ಕೇಡಾದೀತೇ, ರೋಗವು ಅದಕ್ಕೂ ಬಂದೀತೇ ಎಂಬ ಅಂಜಿಕೆಗಳೂ ಇದಕ್ಕೆ ಕಾರಣವಾಗಿದ್ದವು.

8

ಮೇಲಿನ ವಿಚಾರದಿಂದ ಒಂದು ನಿರ್ಣಯಕ್ಕೆ ಬರಬಹುದು. ಎರಡನೆಯ ಪ್ರಶ್ನೆಯು ತಡವಾದುದು ಉಪಕರಣಗಳ ಕೊರತೆಯಿಂದ ಮಾತ್ರವಲ್ಲ. ಹಾರ್ಮೋನನ್ನು ಅಳೆಯುವುದಕ್ಕೆ ಹೊಸ ವಿಜ್ಞಾನ ಬೇಕಾಗಿತ್ತು, ನಿಜ. ಆದರೆ ಬಸಿರಾಗಲು ಎಷ್ಟು ತಿಂಗಳು ಹಿಡಿಯಿತೆಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಆ ಮಾತನ್ನು ಹೆಂಚನ ಕಾಲದಲ್ಲಿಯೂ ಕೇಳಬಹುದಾಗಿತ್ತು. ಆಶ್ರಯಾಲಯದ ವೈದ್ಯನಿಗೆ ಸ್ತ್ರೀಯು ಒಂದು ಹೊಸ ರೋಗದ ನಿದರ್ಶನ. ಆರ್ಡನ ಕಾಲದವರಿಗೆ ಅವಳ ಅಂಡಾಶಯವು ರೋಗದ ಮೂಲ. ಹೆಂಚನಿಗೆ ಅವಳ ಬಸಿರು ಒಂದು ಸುಳಿವು. ಅವಳಿಗೇನು ಬೇಕೆಂಬುದು ಇವುಗಳಲ್ಲಿ ಯಾವುದರೊಳಗೂ ಸೇರಲಿಲ್ಲ.

ಪ್ರಶ್ನೆಯನ್ನು ಕೇಳಿದುದರಿಂದ ಫಲವುಂಟಾಗಿದೆ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ನನೂ, ಲೂಧಿಯಾನದಲ್ಲಿ ಜನಿಸಿದ ರವೀಂದ್ರ ಮೈನಿಯೂ 1990ರ ದಶಕದಲ್ಲಿ ರೂಪಿಸಿದ ಜೈವಿಕ ಚಿಕಿತ್ಸೆಯ ಮಾರ್ಗದಿಂದ ಬಂದ ಕೆಲವು ಔಷಧಗಳನ್ನು ಬಸಿರಿನಲ್ಲಿಯೂ ಮುಂದುವರಿಸಬಹುದೆಂದು ಯುರೋಪಿನ ವಾತರೋಗತಜ್ಞರ ಸಂಘವು 2016ರಲ್ಲಿ ಸಲಹೆಯಿತ್ತಿತು. ಮಗುವಿನ ಬಯಕೆಯನ್ನು ಮೊದಲೇ ತಿಳಿದುಕೊಂಡು, ಗರ್ಭಕ್ಕೆ ಹೊಂದುವ ಔಷಧಗಳಿಂದ ರೋಗವನ್ನು ಹತೋಟಿಗೆ ತಂದು, ಆಮೇಲೆ ಗರ್ಭಧಾರಣೆಗೆ ಮುಂದುವರಿಯುವ ಕ್ರಮದಿಂದ ಬಹುಮಂದಿ ಗರ್ಭಿಣಿಯರಲ್ಲಿ ರೋಗವನ್ನು ಕೆಳಮಟ್ಟದಲ್ಲಿಯೇ ಇರಿಸಬಹುದೆಂದು ರಾಟರ್‌ಡ್ಯಾಮಿನವರು 2021ರಲ್ಲಿ ತೋರಿಸಿದ್ದಾರೆ. ಇಷ್ಟಕ್ಕೆಲ್ಲ ಮೊದಲ ಹೆಜ್ಜೆಯೆಂದರೆ, ಔಷಧದ ಚೀಟಿಯನ್ನು ಬರೆಯುವ ಮೊದಲು ವೈದ್ಯನು ರೋಗಿಯನ್ನು ಮಗುವಿನ ವಿಷಯವಾಗಿ ಕೇಳುವುದು. ಅವನು ಕೇಳದಿದ್ದರೆ ಅವಳೇ ಸಂಕೋಚವಿಲ್ಲದೆ ಹೇಳುವುದು.

ಸಾಲ್ಪೆತ್ರಿಯೇರಿನ ಆ ಒಂಬತ್ತು ಮಂದಿ ಸ್ತ್ರೀಯರ ವ್ಯಾಧಿಯ ವಿವರವು ಇನ್ನೂರು ವರ್ಷಗಳಿಗೂ ಮೀರಿ ನಮಗೆ ಉಳಿದು ಬಂದಿದೆ. ಅವರ ಬಯಕೆಗಳನ್ನು ಕೇಳಿ ಬರೆದಿಟ್ಟವರಿಲ್ಲ. ಮುಂದೆ ಈ ರೋಗದ ಚರಿತ್ರೆಯನ್ನು ಬರೆಯುವವರಿಗೆ ನಮ್ಮ ಕಾಲದ ದಾಖಲೆಗಳಲ್ಲಿ ಆ ಕೊರತೆಯು ಕಾಣದಿರಲಿ ಎಂಬುದೇ ಈ ಲೇಖನದ ಆಶಯ.